ಕಾರಿನ ಸ್ಟೀರಿಯೊಗೆ ಕನ್ನಡ ಯಾಕೆ ಬರಲ್ಲ?

ಸಂಪಾದಕರೇ,

ಅಂಗಡಿ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು ಅಂತ 2024ರಲ್ಲಿ ಕಾನೂನು ಬಂತು. ಒಳ್ಳೆಯದೇ ಆಯಿತು. ಈಗ ಅದೇ ಅಂಗಡಿ ಮುಂದೆ ನಿಲ್ಲಿಸಿರುವ ಕಾರಿನೊಳಗೆ ಕೂತು ನೋಡಿ. ಕನ್ನಡದಲ್ಲೇ ಹೆಸರು ಬರೆದ ಹಾಡುಗಳನ್ನು ಪೆನ್ ಡ್ರೈವ್‌ಗೆ ತುಂಬಿ ಸ್ಟೀರಿಯೊಗೆ ಚುಚ್ಚಿ. ಹಾಡೇನೋ ಸೊಗಸಾಗಿ ಬರುತ್ತದೆ. ಹೆಸರು ಇರಬೇಕಾದ ಜಾಗದಲ್ಲಿ ಮಾತ್ರ ಸಾಲಾಗಿ ಖಾಲಿ ಡಬ್ಬಿಗಳು, ಇಲ್ಲದಿದ್ದರೆ ಪ್ರಶ್ನೆ ಚಿಹ್ನೆಗಳು. ಎಲ್ಲ ಗಾಡಿಗಳಲ್ಲೂ ಹೀಗೇ ಅಂತ ನಾನು ಹೇಳುತ್ತಿಲ್ಲ. ಆಂಡ್ರಾಯ್ಡ್ ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಕನ್ನಡ ಕಾಣುತ್ತದೆ. ಆದರೆ ಕಾರಿನ ಜೊತೆಗೇ ಬರುವ ಎಷ್ಟೋ ಸ್ಟೀರಿಯೊಗಳಲ್ಲಿ, ನಮ್ಮ ಮನೆಯ ಗಾಡಿಯದೂ ಸೇರಿ, ಇದೇ ಪಾಡು.

ಪೆನ್ ಡ್ರೈವ್ ಕಾಲ ಮುಗೀತಲ್ಲ ಸ್ವಾಮಿ, ಫೋನ್ ಕನೆಕ್ಟ್ ಮಾಡಿಕೊಳ್ಳಿ ಅನ್ನುವವರಿದ್ದಾರೆ. ಅವರು ಒಮ್ಮೆ ಘಾಟಿ ಇಳಿಯುವಾಗ ನೆಟ್‌ವರ್ಕ್ ಹೋದ ಮೇಲೆ ಹೇಳಲಿ. ಆ್ಯಪ್‌ನಲ್ಲಿ ಮೊದಲೇ ಡೌನ್‌ಲೋಡ್ ಮಾಡಿಕೊಂಡರೆ ಆಯಿತಲ್ಲ ಅಂದರೆ, ಆ ಹಾಡು ಆ್ಯಪ್‌ನೊಳಗೇ ಬೀಗ ಹಾಕಿಕೊಂಡು ಕೂತಿರುತ್ತದೆ, ಚಂದಾ ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಊರಿನಲ್ಲಿ ರೆಕಾರ್ಡ್ ಮಾಡಿದ ತಾಳಮದ್ದಲೆ, ಹಳೇ ಕ್ಯಾಸೆಟ್‌ನಿಂದ ಕಂಪ್ಯೂಟರ್‌ಗೆ ಇಳಿಸಿಕೊಂಡ ಹರಿಕಥೆ, ಅಜ್ಜಿ ಹೇಳಿದ ಹಸೆ ಹಾಡು, ಇವೆಲ್ಲ ಯಾವ ಆ್ಯಪ್‌ನಲ್ಲಿ ಸಿಗುತ್ತವೆ? 320 ಕೆಬಿಪಿಎಸ್‌ನ ಒಳ್ಳೆ ಎಂಪಿ3 ಅಂದರೂ ನಿಮಿಷಕ್ಕೆ ಸುಮಾರು 2.4 ಎಂಬಿ. ಐದು ನಿಮಿಷದ ಹಾಡಿಗೆ 12 ಎಂಬಿ. 32 ಜಿಬಿಯ ಒಂದು ಪೆನ್ ಡ್ರೈವ್‌ನಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಹಾಡು ಹಿಡಿಸುತ್ತವೆ, ಮಧ್ಯೆ ಜಾಹೀರಾತೂ ಇಲ್ಲ.

ಆದರೆ ಅಷ್ಟು ಹಾಡಿನ ಪಟ್ಟಿಯೆಲ್ಲ ಡಬ್ಬಿಗಳಾದರೆ ಬೇಕಾದ್ದನ್ನು ಹುಡುಕುವುದು ಹೇಗೆ? ತಾಳಮದ್ದಲೆಯನ್ನೇ ತೆಗೆದುಕೊಳ್ಳಿ. ಒಂದೊಂದು ಪ್ರಸಂಗ ಗಂಟೆಗಟ್ಟಲೆ ಇರುತ್ತದೆ. ಕೆಲವು ಸ್ಟೀರಿಯೊಗಳಲ್ಲಿ ಗಾಡಿ ಆಫ್ ಮಾಡಿ ಆನ್ ಮಾಡಿದರೆ ಫೈಲ್ ಮತ್ತೆ ಮೊದಲಿಂದ ಶುರುವಾಗುತ್ತದೆ. ಭಾಗವತರು ಪುನಃ ಗಣಪತಿ ಸ್ತುತಿಗೆ ಬಂದುಬಿಡುತ್ತಾರೆ. ಅದಕ್ಕೇ ಜನ ಅದನ್ನು ಇಪ್ಪತ್ತು ನಿಮಿಷದ ತುಂಡುಗಳಾಗಿ ಕತ್ತರಿಸಿ ಹೆಸರು ಕೊಟ್ಟಿಟ್ಟುಕೊಳ್ಳುತ್ತಾರೆ. ಆ ಹೆಸರೇ ಕಾಣದಿದ್ದರೆ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕೂತು ಒಂದೊಂದೇ ಒತ್ತಿ ನೋಡಬೇಕು. (ಅಲ್ಲಿ ಅದಕ್ಕೆ ಬೇಕಾದಷ್ಟು ಟೈಮ್ ಸಿಗುತ್ತದೆ, ಆ ಮಾತು ಬೇರೆ.)

ಇದನ್ನು ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಕೇಳಿದೆ. 'ಇಂಗ್ಲಿಷಲ್ಲಿ ಬರ್ಕೊಂಡ್ಬಿಡಿ ಸಾರ್, ಎಲ್ಲರೂ ಹಂಗೇ ಮಾಡೋದು' ಅಂದರು. ಎಲ್ಲರೂ ಹಾಗೇ ಮಾಡುವುದು ನಿಜ, ತೊಂದರೆ ಶುರುವಾಗುವುದೂ ಅಲ್ಲೇ. ರಾಜ್‌ಕುಮಾರ್ ಅನ್ನುವುದನ್ನು ಒಂದು ಫೈಲ್‌ನಲ್ಲಿ ಸೇರಿಸಿ, ಇನ್ನೊಂದರಲ್ಲಿ ಬಿಡಿಸಿ, ಮತ್ತೊಂದರಲ್ಲಿ ಮುಂದೆ ಡಾಕ್ಟರ್ ಹಚ್ಚಿ ಬರೆದಿರುತ್ತಾರೆ. ಸ್ಟೀರಿಯೊ ಪಾಲಿಗೆ ಅವರು ಮೂವರು ಬೇರೆ ಬೇರೆ ಗಾಯಕರು. ಗಾಯಕರ ಪಟ್ಟಿ ತೆಗೆದರೆ ಮೂರು ಕಡೆ ಹುಡುಕಬೇಕು. ಳ, ಣ, ದೀರ್ಘ, ಇವನ್ನೆಲ್ಲ ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಕನ್ನಡದಲ್ಲೇ ಬರೆದಿದ್ದರೆ ಈ ರಗಳೆಯಲ್ಲಿ ಮುಕ್ಕಾಲು ಪಾಲು ಇರುತ್ತಲೇ ಇರಲಿಲ್ಲ.

ತಪ್ಪು ಫೈಲಿನದ್ದಲ್ಲ. ಎಂಪಿ3 ಒಳಗೆ ಹಾಡು, ಗಾಯಕರು, ಆಲ್ಬಂ ಇವುಗಳ ಹೆಸರು ಇಡುವುದಕ್ಕೆ ಐಡಿ3 ಅನ್ನುವ ಟ್ಯಾಗ್ ಇದೆ. ಅದರ ಮೊದಲ ಮಾದರಿಯಲ್ಲಿ ಹಾಡಿನ ಹೆಸರಿಗೆ ಬರೀ 30 ಅಕ್ಷರದ ಜಾಗವಿತ್ತು, ಅದೂ ಇಂಗ್ಲಿಷ್‌ನಂಥ ಲಿಪಿಗಳಿಗೆ. ಆಮೇಲಿನ ಮಾದರಿಗಳಲ್ಲಿ ಯೂನಿಕೋಡ್ (ಲೋಕದ ಲಿಪಿಗಳಿಗೆಲ್ಲ ಒಂದೇ ಸಂಕೇತ ಪದ್ಧತಿ) ಬಂತು, ಕನ್ನಡವನ್ನು ಆರಾಮಾಗಿ ಬರೆಯಬಹುದು. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ಕೊರತೆ ಇರುವುದು ಸ್ಟೀರಿಯೊ ಒಳಗೆ: ಕನ್ನಡದ ಫಾಂಟ್ ಹಾಕಿಲ್ಲ, ಒತ್ತಕ್ಷರ ಕೂಡಿಸುವ ಸಾಫ್ಟ್‌ವೇರ್ ಹಾಕಿಲ್ಲ. ಖರ್ಚಿನ ನೆಪ ಹೇಳುವ ಹಾಗೂ ಇಲ್ಲ, ಯಾಕೆಂದರೆ ಗೂಗಲ್‌ನ ನೋಟೊ ಫಾಂಟ್‌ಗಳು ಉಚಿತ, ಅಕ್ಷರ ಜೋಡಿಸುವ ಹಾರ್ಫ್‌ಬಜ್ ಕೂಡ ಉಚಿತ. ಸ್ಟೀರಿಯೊದಲ್ಲಿ ಭಾಷೆಗಳ ಪಟ್ಟಿ ತೆಗೆದರೆ ರಷ್ಯನ್, ಟರ್ಕಿಶ್ ಎಲ್ಲ ಸಿಗುತ್ತವೆ. ಇದರಲ್ಲಿ ನನಗೆ ಜಾಸ್ತಿ ಸಿಟ್ಟು ಬರಿಸುವ ವಿಷಯ ಅಂದರೆ, ದೇಶವಿದೇಶದ ಕಾರುಗಳ ಇನ್ಫೋಟೈನ್‌ಮೆಂಟ್ (ಹಾಡು, ಮ್ಯಾಪ್ ಎಲ್ಲ ತೋರಿಸುವ ಪರದೆಯ) ಸಾಫ್ಟ್‌ವೇರ್ ಬರೆಯುವವರಲ್ಲಿ ಎಷ್ಟೋ ಜನ ಇದೇ ಬೆಂಗಳೂರಿನ ಆಫೀಸುಗಳಲ್ಲಿ ಕೂತಿದ್ದಾರೆ. ಅವರಿಗೆ ಯಾರೂ ಕೇಳಿಲ್ಲ ಅಂತ ಕಾಣುತ್ತದೆ.

ಕನ್ನಡದ ಮಾತು ಹಾಗಿರಲಿ. ಪೆನ್ ಡ್ರೈವ್ ಓದದಿದ್ದರೆ ಯಾಕೆ ಓದಲಿಲ್ಲ ಅಂತಲೂ ಈ ಸ್ಟೀರಿಯೊಗಳು ನೆಟ್ಟಗೆ ಹೇಳುವುದಿಲ್ಲ. ಎಸ್.ಪಿ. ರಸ್ತೆಯಲ್ಲಿ ಹೊಸ 64 ಜಿಬಿ ಕೊಂಡು ತಂದು ಚುಚ್ಚಿದರೆ 'ಫೈಲ್ ಇಲ್ಲ' ಅನ್ನುತ್ತದೆ. ಡ್ರೈವ್ ಕೆಟ್ಟಿದೆ ಅಂತ ಜನ ವಾಪಸ್ ಒಯ್ಯುತ್ತಾರೆ. ದೊಡ್ಡ ಡ್ರೈವ್‌ಗಳು ಹೆಚ್ಚಾಗಿ ಎಕ್ಸ್‌ಫ್ಯಾಟ್ ಅನ್ನುವ ಫಾರ್ಮ್ಯಾಟ್‌ನಲ್ಲಿ (ಅಂದರೆ ಡ್ರೈವ್‌ನೊಳಗೆ ಫೈಲ್ ಜೋಡಿಸಿಡುವ ಪದ್ಧತಿಯಲ್ಲಿ) ಬರುತ್ತವೆ, ಎಷ್ಟೋ ಸ್ಟೀರಿಯೊಗಳಿಗೆ ಗೊತ್ತಿರುವುದು ಹಳೆಯ ಫ್ಯಾಟ್32 ಮಾತ್ರ. ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿಯೋ, 32 ಜಿಬಿ ದಾಟಿದರೆ ಫ್ಯಾಟ್32 ಆಯ್ಕೆಯನ್ನೇ ವರ್ಷಗಟ್ಟಲೆ ತೋರಿಸುತ್ತಿರಲಿಲ್ಲ. ಹಾಗಾಗಿ ಓದುಗರಿಗೆ ನನ್ನ ಸಲಹೆ, ಸುಮ್ನೆ 32 ಜಿಬಿಯದೇ ತನ್ನಿ. ಹಾಡುಗಳು ಹಿಂದುಮುಂದಾಗಿ ಬರುತ್ತಿದ್ದರೆ ಫೈಲ್ ಹೆಸರಿನ ಮುಂದೆ 01, 02 ಹಾಕಿ ಅದೇ ಕ್ರಮದಲ್ಲಿ ಕಾಪಿ ಮಾಡಿ, ಯಾಕೆಂದರೆ ಕೆಲವು ಸ್ಟೀರಿಯೊಗಳು ಅಕ್ಷರಮಾಲೆ ನೋಡುವುದಿಲ್ಲ, ಡ್ರೈವ್‌ಗೆ ಮೊದಲು ಇಳಿದ ಫೈಲನ್ನೇ ಮೊದಲು ಹಾಡುತ್ತವೆ. ಫುಟ್‌ಪಾತಿನಲ್ಲಿ ಇನ್ನೂರು ಮುನ್ನೂರಕ್ಕೆ ಒಂದು ಟಿಬಿ ಅಂತ ಮಾರುವುದರ ಹತ್ತಿರಕ್ಕೂ ಹೋಗಬೇಡಿ. ಒಳಗಿರುವುದು ಅದರ ಚೂರು ಪಾಲು ಅಷ್ಟೇ, ತುಂಬಿದ ಮೇಲೆ ಹಾಡುಗಳು ಕೆಟ್ಟು ಕೂರುತ್ತವೆ.

ಇಷ್ಟನ್ನು ಕಾರು ಕಂಪನಿಗಳೇ ಬ್ರೋಷರ್‌ನಲ್ಲಿ ನಾಲ್ಕು ಸಾಲಲ್ಲಿ ಹಾಕಬಹುದು, ಅಲ್ವಾ? ಯಾವ ಫಾರ್ಮ್ಯಾಟ್, ಎಷ್ಟು ಜಿಬಿವರೆಗೆ, ಯಾವ ಯಾವ ಲಿಪಿ ಕಾಣುತ್ತದೆ, ಟೈಪ್-ಸಿ ಪೋರ್ಟ್ ಬರೀ ಚಾರ್ಜ್‌ಗೋ ಹಾಡಿಗೂ ಆಗುತ್ತದೋ. ಷೋರೂಮಿನವರನ್ನು ಕೇಳಿದರೆ ಬ್ಲೂಟೂತ್ ಇದೆಯಲ್ಲ ಸಾರ್ ಅಂತ ನಗುತ್ತಾರೆ.

ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ಪತ್ರಿಕೆಯವರು ಹೊಸ ಕಾರು ಓಡಿಸಿ ನೋಡಿ ವಿಮರ್ಶೆ ಬರೆಯುವಾಗ, ಮೈಲೇಜು, ಡಿಕ್ಕಿ, ಸನ್‌ರೂಫ್ ಜೊತೆಗೆ ಕನ್ನಡ ಹೆಸರಿನ ಹಾಡಿರುವ ಒಂದು ಪೆನ್ ಡ್ರೈವ್ ಕೂಡ ತೆಗೆದುಕೊಂಡು ಹೋಗಲಿ. ಹೆಸರು ಕಂಡಿತೋ ಇಲ್ಲವೋ ಅಂತ ಪ್ರತಿ ವಿಮರ್ಶೆಯ ಕೊನೆಗೆ ಒಂದು ಸಾಲು ಹಾಕಿ, ಕಾಣದಿದ್ದರೆ ಪರದೆಯ ಫೋಟೊವನ್ನೂ ಹಾಕಿ.

— ನಿಮ್ಮ ಓದುಗ, ವಿಜಯನಗರ, ಬೆಂಗಳೂರು