ಕನಕನ ಗೋಡೆ ಬಲಪುಟದಲ್ಲಿರಲಿ

ಉಡುಪಿ

ಪ್ರೀತಿಯ ಮಗಳೇ,

ಮಧ್ವರು, ಕನಕದಾಸರು, ವಾದಿರಾಜರು ಮೂವರ ಪವಾಡಗಳನ್ನೂ ಒಂದೇ ಚಿತ್ರಪುಸ್ತಕಕ್ಕೆ ತರುತ್ತಿದ್ದೀಯಲ್ಲ, ನನಗೆ ತುಂಬಾ ಖುಷಿ. ಪೆನ್ಸಿಲ್ ಕರಡು ಪೂರ್ತಿ ನೋಡಿದೆ. ಪುಟಪುಟಕ್ಕೂ ಪ್ರಭಾವಳಿ, ಬೆಳಕಿನ ಕಿರಣ ಬೇಡ ಮಾರಾಯ್ತಿ. ಸುತ್ತಲಿನ ಮನೆ, ಮರ, ಕಡಲು ದಿನಾ ಕಾಣುವ ಹಾಗೆಯೇ ಇದ್ದರೆ, ಅದರ ನಡುವೆ ನಡೆಯುವ ಒಂದು ಅಚ್ಚರಿ ಮಗುವಿನ ಕಣ್ಣಿಗೆ ತಟ್ಟನೆ ಬೀಳುತ್ತದೆ.

32 ಪುಟದಲ್ಲಿ ಮೊದಲ ಮೂರು ಶೀರ್ಷಿಕೆಗೆ, ಮುದ್ರಣ ವಿವರಕ್ಕೆ ಹೋಗುತ್ತವೆ. ಕೊನೆಯದನ್ನೂ ಬಿಟ್ಟರೆ 4ರಿಂದ 31ರವರೆಗೆ 14 ಜೋಡಿಪುಟ ಉಳಿಯಿತು. ಮೂವರಿಗೂ ಸಮ ಹಂಚಲು ಹೋಗಬೇಡ. ಮಧ್ವರಿಗೆ ಐದು, ವಾದಿರಾಜರಿಗೆ ಮೂರು, ಕನಕರಿಗೆ ಆರು ಕೊಡು.

ಕನಕರಿಗೆ ಹೆಚ್ಚು ಯಾಕೆಂದರೆ ಅಲ್ಲಿ ಕಾಯುವುದೇ ಕಥೆ. ಮುಚ್ಚಿದ ಬಾಗಿಲು, ಹಿಂದಿನ ಗೋಡೆ, ಹಗಲು, ರಾತ್ರಿ, ಹಾಡು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ತಂಬೂರಿ. ಬಲಪುಟದ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಲಿ, ಅಷ್ಟೇ. ಕೃಷ್ಣ ತಿರುಗಿದ್ದು ಪುಟ ಮಗುಚಿದ ಮೇಲೆಯೇ ಸಿಗಬೇಕು. ನೀನು ಎರಡನ್ನೂ ಎದುರುಬದುರು ಪುಟದಲ್ಲಿ ಇಟ್ಟದ್ದರಿಂದ ಮಗುಚುವ ಮೊದಲೇ ಗುಟ್ಟು ಬಿಟ್ಟುಹೋಗಿದೆ. ಕೃಷ್ಣನ ಕೈಯ ಕೊಳಲು ತೆಗೆ. ಉಡುಪಿಯ ಬಾಲಕೃಷ್ಣ ಹಿಡಿದಿರುವುದು ಕಡಗೋಲು ಮತ್ತು ಹಗ್ಗ. ಈಗ ದರ್ಶನಕ್ಕಿರುವ ಬೆಳ್ಳಿಯ ಒಂಬತ್ತು ತೂತಿನ ನವಗ್ರಹ ಕಿಂಡಿಯೂ ಆ ಚಿತ್ರಕ್ಕೆ ಬರಬಾರದು, ಕಥೆಯಲ್ಲಿರುವುದು ಒಡೆದ ಗೋಡೆ. ಅವರು ಹೊರಗೆ ಯಾಕೆ ನಿಂತರು ಅಂತ ಮಗು ಕೇಳಿಯೇ ಕೇಳುತ್ತದೆ. ಜಾತಿಯ ಕಾರಣಕ್ಕೆ ಒಳಗೆ ಬಿಡಲಿಲ್ಲ ಎಂದು ನೇರವಾಗಿ ಬರೆ. ಅದನ್ನು ಮರೆಸಿದರೆ ದೇವರು ಯಾಕೆ ತಿರುಗಿದ ಎಂಬುದೇ ಅರ್ಥವಾಗುವುದಿಲ್ಲ.

ಮಧ್ವರದು 13ನೇ ಶತಮಾನ. ಅವರು ಹುಟ್ಟಿದ ಪಾಜಕದ ಮನೆಗೆ ನೀನು ಮಂಗಳೂರು ಹೆಂಚು ಹೊದಿಸಿದ್ದೀ. ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮುಳಿಹುಲ್ಲಿನ ಮಾಡು ಬರೆ. ಅಂಗಳದ ಗೇರುಮರ, ಪಪ್ಪಾಯಿ, ಮೆಣಸಿನ ಗಿಡ ಎಲ್ಲ ಪೋರ್ಚುಗೀಸರು ಬಂದ ಮೇಲಿನವು. ಹಲಸು, ಮಾವು, ತೆಂಗು ಇರಲಿ. ಹುಣಸೆ ಇರಲೇಬೇಕು, ಅಪ್ಪನ ಸಾಲವನ್ನು ಪುಟ್ಟ ಹುಡುಗ ತೀರಿಸಿದ್ದು ಹುಣಸೆಬೀಜದಲ್ಲಿ ತಾನೆ? ಮಲ್ಪೆಯ ಹಡಗಿನಲ್ಲಿ ಸಿಕ್ಕ ಗೋಪೀಚಂದನ ತಿಳಿ ಹಳದಿ ಮಣ್ಣಿನ ಹೆಂಟೆ, ನೀನು ಬರೆದಂಥ ಗಂಧದ ಕೊರಡಲ್ಲ.

ವಾದಿರಾಜರ ತಲೆಯ ಮೇಲಿನ ಹರಿವಾಣದಲ್ಲಿ ಕಡಲೆಬೇಳೆ, ಬೆಲ್ಲ, ಕಾಯಿತುರಿಯ ಹಯಗ್ರೀವ. ದೇವರೇ ಬಿಳಿ ಕುದುರೆಯಾಗಿ ಹಿಂದಿನಿಂದ ಬಂದು ಮುಂಗಾಲುಗಳನ್ನು ಹೆಗಲಿಗಿಟ್ಟು ತಿನ್ನುತ್ತಾನೆ. ಅವರ ನೋಟ ಕೆಳಗಿರಲಿ. ಕುದುರೆ ಓದುವ ಮಗುವಿಗೆ ಮಾತ್ರ ಕಾಣಲಿ.

ಇನ್ನು ಅಚ್ಚಿನ ಮಾತು. ಕ್ರೌನ್ 1/4 ಅಳತೆಯಾದರೆ 20×30 ಇಂಚಿನ ಒಂದು ಹಾಳೆಯ ಎರಡೂ ಬದಿ ಸೇರಿ 16 ಪುಟ, ಅಂದರೆ ಒಂದು ಪುಸ್ತಕಕ್ಕೆ ಎರಡು ಹಾಳೆ. ಚಿತ್ರವನ್ನು ಸುತ್ತಲೂ 3 ಮಿ.ಮೀ. ಹೊರಕ್ಕೆ ಚಾಚಿಸು, ಇಲ್ಲದಿದ್ದರೆ ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ. ಜೋಡಿಪುಟದ ನಡುಮಡಿಕೆಯಿಂದ ಮುಖಗಳು ಒಂದು ಸೆಂ.ಮೀ. ದೂರವಿರಲಿ. ಅಕ್ಷರ 18 ಪಾಯಿಂಟ್ ಇದ್ದರೆ ಸಾಲಿನ ಅಂತರ 27 ಇಡು, ಇಕ್ಕಟ್ಟಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರಕ್ಕೆ ಕಪ್ಪು ಶಾಯಿ ಒಂದೇ ಸಾಕು. ನಾಲ್ಕು ಬಣ್ಣ ಬೆರೆಸಿ ಕಪ್ಪು ಮಾಡಿದರೆ, ಪ್ಲೇಟು ಒಂದಿಷ್ಟು ಸರಿದರೂ ಅಂಚು ಮಸುಕಾಗುತ್ತದೆ. ‘ನುಡಿ’ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿದ ಪಠ್ಯದಲ್ಲಿ ಅರ್ಕಾವೊತ್ತು ಜಾಗ ತಪ್ಪಿರಬಹುದು, ‘ಮಧ್ವಾಚಾರ್ಯ’ ಬರುವ ಕಡೆಯೆಲ್ಲ ಕಣ್ಣಿಟ್ಟು ನೋಡು.

ಕನಕರ ಆರು ಜೋಡಿಪುಟ ಮೊದಲು ತಿದ್ದಿ ಕಳಿಸು. ಬಣ್ಣ ಆಮೇಲೆ ಹಚ್ಚಿದರಾಯಿತು.

ನಿನ್ನ
ಅಮ್ಮ