ಕೊನೆಯ ಹಾಳೆ ಇಲ್ಲದ ಪುಸ್ತಕ

ಪಾಲಕ ಬಂಧುಗಳಿಗೆ ಶರಣು.

ತೊಗರಿ ರಾಶಿಯ ಗಡಿಬಿಡಿಯಲ್ಲಿದ್ದೀರಿ, ಪತ್ರ ಉದ್ದ ಮಾಡುವುದಿಲ್ಲ. ಹಾಜರಿ, ಪರೀಕ್ಷೆಯ ಮಾತೂ ಇದರಲ್ಲಿಲ್ಲ.

ಹೋದ ವಾರ ಏಳನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಯ ಕಪಾಟಿನ ಕಥೆ ಪುಸ್ತಕ ಹಿಡಿದು ನನ್ನ ಕೋಣೆಗೆ ಬಂದಳು. ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸಿದ್ದಳು, ಹೊಲಿಗೆ ಬಿಚ್ಚಿದ ಕಡೆ ಗೋಣಿಚೀಲದ ದಾರ ಹಾಕಿ ಹೊಲಿದಿದ್ದಳು. ಆದರೆ ಕೊನೆಯ ಹಾಳೆಗಳೇ ಇಲ್ಲ. “ಸರ್, ಆಮ್ಯಾಲ ಏನಾತ್ರೀ?” ಅಂದಳು. ನನಗೂ ಗೊತ್ತಿರಲಿಲ್ಲ.

ನಾನು ಸಣ್ಣವನಿದ್ದಾಗ ಅವ್ವ ಸಕ್ಕರೆ ತರಲು ಕಳಿಸಿದರೆ ಕಿರಾಣಿ ಅಂಗಡಿಯ ರದ್ದಿಯಲ್ಲಿ ಕೈಯಾಡಿಸುತ್ತಿದ್ದೆ. ಒಮ್ಮೆ ಅರ್ಧ ಹರಿದ ಪುಸ್ತಕವೊಂದು ಸಿಕ್ಕಿತು. ಮಧ್ಯಾಹ್ನ ಪಡಸಾಲೆಯ ಶಹಾಬಾದ್ ಫರ್ಸಿ ತಣ್ಣಗಿರುತ್ತದಲ್ಲ, ಅದರ ಮೇಲೆ ಬೋರಲು ಮಲಗಿ ಓದಿದೆ. ಕೊನೆಯ ಹಾಳೆಗಳು ಜೀರಿಗೆ ಪೊಟ್ಟಣವಾಗಿ ಯಾರದೋ ಮನೆ ಸೇರಿದ್ದವು. ರಾತ್ರಿ ಮಾಳಿಗೆಯ ಮೇಲೆ ಮಲಗಿ ಉಳಿದ ಕಥೆ ನಾನೇ ಕಟ್ಟುತ್ತಿದ್ದೆ, ದಿನಕ್ಕೊಂದು ಥರ. ಮುಂದೆ ಮಾಸ್ತರಿಕೆಯ ತರಬೇತಿಗೆ ಹೋದಾಗ ಪೂರ್ತಿ ಪ್ರತಿ ಸಿಕ್ಕಿತು. ನಿಜ ಹೇಳಲೇ? ಅಚ್ಚಾದ ಕೊನೆ ನನ್ನದಕ್ಕಿಂತ ಸಪ್ಪೆಯಾಗಿತ್ತು.

ಅಂದಿನಿಂದ ಯಾರಾದರೂ ತಮ್ಮ ಬಾಲ್ಯದ ಓದಿನ ಬಗ್ಗೆ ಬರೆದದ್ದು ಕಂಡರೆ ಬಿಡುವವನಲ್ಲ. ಯಾರು ಕೊಟ್ಟರು, ಎಲ್ಲಿ ಕದ್ದು ಓದಿದರು, ಯಾರ ಕೈಯಲ್ಲಿ ಸಿಕ್ಕಿಬಿದ್ದರು, ಎಲ್ಲ ಬೇಕು ನನಗೆ. ಪುಸ್ತಕಗಳ ಬಗ್ಗೆ ಬರೆದ ಪುಸ್ತಕ ನಮ್ಮ ಸೇಡಂ ಸೀಮೆಗೆ ಹೊಸದೂ ಅಲ್ಲ. ಇಲ್ಲಿಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ ಹುಟ್ಟಿದ ‘ಕವಿರಾಜಮಾರ್ಗ’ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಗ್ರಂಥ. ಅದರಲ್ಲಿ ಕಥೆಯಿಲ್ಲ, ಕಾವ್ಯ ಹೇಗಿರಬೇಕೆಂಬ ಮಾತಿದೆ. ತನಗಿಂತ ಹಿಂದೆ ಗದ್ಯ ಬರೆದ ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಅದು ನೆನೆಯುತ್ತದೆ. ಅವರ ಆ ಗದ್ಯ ನಮ್ಮ ಕೈಗೆ ಸಿಕ್ಕಿಲ್ಲ. ಓದಿದವರೊಬ್ಬರು ಬರೆದಿಟ್ಟದ್ದರಿಂದ ಹೆಸರಾದರೂ ಉಳಿಯಿತು. ಇದನ್ನು ಹೇಳಿದರೆ ಹುಡುಗಿ, “ಹಂಗಾದ್ರ ನಾವೂ ಬರದಿಡೋಣ್ರಿ” ಅಂದಳು.

ಹಾಗಾಗಿ ಶಾಲೆಯಲ್ಲಿ ಒಂದು ದಪ್ಪ ರಿಜಿಸ್ಟರ್ ಇಟ್ಟಿದ್ದೇವೆ, ಶನಿವಾರ ಮಕ್ಕಳು ಬರೆಯುತ್ತಾರೆ. ನೀವು ಸಣ್ಣವರಿದ್ದಾಗ ಓದಿದ ಒಂದು ಪುಸ್ತಕದ ಬಗ್ಗೆ ಅವರಿಗೆ ಹೇಳಿ. ಹೆಸರು ಮರೆತಿದ್ದರೆ ರಟ್ಟಿನ ಮೇಲಿನ ಚಿತ್ರ ಹೇಳಿ. ಸಾಲಿಯ ಮುಖ ನೋಡದವರು ಮುತ್ಯಾ, ಆಯಿ ಹೇಳಿದ ಕಥೆ ಹೇಳಿ, ಅದೂ ರಿಜಿಸ್ಟರಿಗೆ ಬರುತ್ತದೆ.

ಪಾಠ ಬಿಟ್ಟು ಕಥೆ ಓದುತ್ತಾನೆಂದು ಕೆಲವರು ದೂರು ತಂದಿದ್ದೀರಿ. ಅದಕ್ಕೆ ಬೈಯಬೇಡಿ. ಊಟಕ್ಕೆ ಮೂರು ಸಲ ಕರೆದರೂ ಏಳದಿದ್ದರೆ ಬೈಯಿರಿ, ನಮ್ಮವ್ವನೂ ಬೈಯುತ್ತಿದ್ದಳು.

ಮನೆಯ ಸಂದೂಕಿನಲ್ಲಿ ಹರಿದ ಕಥೆ ಪುಸ್ತಕ ಇದ್ದರೆ ರದ್ದಿಗೆ ಹಾಕುವ ಮೊದಲು ಶಾಲೆಗೆ ಕಳಿಸಿ. ಆ ಹುಡುಗಿ ಇನ್ನೂ ಕೊನೆಯ ಹಾಳೆ ಹುಡುಕುತ್ತಿದ್ದಾಳೆ.

ಇಂತಿ,
ಮುಖ್ಯಗುರುಗಳು
ಸರಕಾರಿ ಹಿರಿಯ ಪ್ರಾಥಮಿಕ ಶಾಲೆ
ಸೇಡಂ ತಾಲೂಕು, ಕಲಬುರಗಿ ಜಿಲ್ಲೆ