ಹಲ್ಲು ಕಡಿಯುವ ಗೆಳೆಯನಿಗೆ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜ್ ಓದಿ ಮೊದಲು ನಕ್ಕುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. ಹಾಸ್ಟೆಲ್‌ನಲ್ಲಿ ನಾನು ನಿದ್ದೆಯಲ್ಲಿ ಹಲ್ಲು ಕಡಿದಾಗಲೆಲ್ಲ ಕತ್ತಲಲ್ಲೇ ಗುರಿಯಿಟ್ಟು ಚಪ್ಪಲಿ ಎಸೆಯುತ್ತಿದ್ದವನು ನೀನು. ಈಗ ನೀನು ಹಲ್ಲು ಕಡಿಯುವ ಸದ್ದಿಗೆ ನಿನ್ನ ಹೆಂಡತಿ ದಿಂಬು ಎತ್ತಿಕೊಂಡು ಹಾಲ್‌ಗೆ ಹೋಗಿ ಮಲಗುತ್ತಾರಂತೆ!

ಹೊಟ್ಟೆಯಲ್ಲಿ ಹುಳ ಇದ್ದರೆ ಹೀಗೆ ಹಲ್ಲು ಕಡೀತಾರೆ ಅಂತ ನಿಮ್ಮಮ್ಮ ಹುಳದ ಮಾತ್ರೆ ತಗೋ ಅಂದಿದ್ದು ಕೇಳಿ ನಮ್ಮಜ್ಜಿ ನೆನಪಾದಳು. ಇದೇ ಕಾರಣಕ್ಕೆ ನನಗೆ ಬೇವಿನ ರಸ ಕುಡಿಸಿದ್ದಳು. ಕಹಿ ಉಳಿಯಿತು, ಕಡಿಯುವುದೂ ಉಳಿಯಿತು.

ಎರಡು ವರ್ಷದ ಹಿಂದೆ ಕೋಡುಬಳೆ ತಿನ್ನುವಾಗ ದವಡೆ ಹಲ್ಲಿನ ಮೂಲೆ ಹಾರಿಹೋಯಿತು. ಕೋಡುಬಳೆ ಮಾಡಿದ ಅಕ್ಕನನ್ನು ಬೈದುಕೊಂಡೇ ಹಲ್ಲಿನ ಡಾಕ್ಟರ್ ಹತ್ತಿರ ಹೋದೆ. ಅವರು ಕನ್ನಡಿ ಹಿಡಿದು ತೋರಿಸಿದರು. ದವಡೆ ಹಲ್ಲುಗಳ ಏರುತಗ್ಗೆಲ್ಲ ಸವೆದು, ವರ್ಷಗಟ್ಟಲೆ ರುಬ್ಬಿದ ಒರಳಿನ ಹಾಗೆ ನುಣ್ಣಗಾಗಿದ್ದವು. ಒರಳಾದರೆ ಮತ್ತೆ ಕುಟ್ಟಿಸಬಹುದು. ಹಲ್ಲಿನ ಮೇಲಿನ ಗಟ್ಟಿ ಪದರ, ಎನಾಮೆಲ್, ಹೋದರೆ ಹೋಯಿತು, ಮತ್ತೆ ಬೆಳೆಯುವುದಿಲ್ಲ. "ಕೋಡುಬಳೆ ಸುಮ್ನೆ ನೆಪ" ಅಂದರು.

ಹಲ್ಲಿನ ಅಚ್ಚು ತೆಗೆದು ನೈಟ್ ಗಾರ್ಡ್, ಅಂದರೆ ರಾತ್ರಿ ಹಲ್ಲಿಗೆ ಹಾಕಿಕೊಂಡು ಮಲಗುವ ಕವಚ, ಮಾಡಿಸಿಕೊಟ್ಟರು. ಮೊದಲ ವಾರ ದಿಂಬೆಲ್ಲ ಜೊಲ್ಲು. ಆಮೇಲೆ ಗೊತ್ತಾಯಿತು, ಅದು ಕಡಿಯುವುದನ್ನು ನಿಲ್ಲಿಸುವುದೇ ಇಲ್ಲ. ಹಲ್ಲಿನ ಬದಲು ಅದು ಸವೆಯುತ್ತದೆ, ಅಷ್ಟೇ. ಆದರೂ ಮಾಡಿಸಿಕೋ. ಉಳಿದಿರುವ ಹಲ್ಲು ಉಳಿಯಬೇಕಲ್ವಾ?

ನನಗೆ ನಿಜವಾಗಿ ಉಪಯೋಗವಾಗಿದ್ದು ಡಾಕ್ಟರ್ ಕೇಳಿದ ಒಂದು ಪ್ರಶ್ನೆ. "ಹಗಲು ಎಷ್ಟು ಸಲ ಹಲ್ಲು ಕಚ್ಚಿಕೊಳ್ತೀರಿ?" ಒಂದು ಸಲವೂ ಇಲ್ಲ ಎಂದೆ. ಮಾರನೇ ದಿನ ಆಫೀಸಿನಲ್ಲಿ ಗಮನಿಸಿದರೆ, ಬೆಳಗಿನಿಂದ ಕಚ್ಚಿಕೊಂಡೇ ಕೂತಿದ್ದೇನೆ! ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಗಡುವು, 20ನೇ ತಾರೀಖು, ಹತ್ತಿರವಾದಂತೆ ಇನ್ನೂ ಜಾಸ್ತಿ. ಟ್ರಾಫಿಕ್‌ನಲ್ಲಂತೂ ಕೇಳಬೇಡ. ಊಟ ಮಾಡುವಾಗ, ಎಂಜಲು ನುಂಗುವಾಗ ಬಿಟ್ಟರೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಮಧ್ಯೆ ಸಂದು ಇರಬೇಕಂತೆ, ತುಟಿ ಮುಚ್ಚಿದ್ದರೂ. ನಲವತ್ತು ವರ್ಷ ಬಾಯಿ ಇಟ್ಟುಕೊಂಡು ನನಗಿದು ಗೊತ್ತೇ ಇರಲಿಲ್ಲ.

ಹೆಂಡತಿಯ ಸ್ಟಿಕ್ಕರ್ ಬಿಂದಿ ಎರಡು ತಂದು, ಒಂದು ಮಾನಿಟರ್ ಮೂಲೆಗೆ, ಇನ್ನೊಂದು ಸ್ಕೂಟರಿನ ಕನ್ನಡಿಗೆ ಅಂಟಿಸಿದೆ. ಕಂಡಾಗಲೆಲ್ಲ ಮನಸ್ಸಿನಲ್ಲೇ 'ನ' ಅನ್ನುತ್ತೇನೆ. ನೀನೂ ಅಂದು ನೋಡು. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಹೋಗಿ ನಿಲ್ಲುತ್ತದೆ, ದವಡೆ ತಾನಾಗಿ ಸಡಿಲವಾಗುತ್ತದೆ. 'ಣ' ಬೇಡ, ನಾಲಿಗೆ ಮಡಚಿಕೊಳ್ಳುತ್ತದೆ. ಆಫೀಸಿನವರು ಇವನು ಕಂಪ್ಯೂಟರಿಗೂ ಪೂಜೆ ಮಾಡ್ತಾನೆ ಅಂದುಕೊಂಡಿದ್ದಾರೆ.

ಸಂಜೆಯ ಕಾಫಿ ಬಿಟ್ಟೆ. ಅದೊಂದು ಈಗಲೂ ಹೊಟ್ಟೆ ಉರಿಸುತ್ತದೆ. ನೀನು ರಾತ್ರಿಯ ಬಿಯರ್ ಕಮ್ಮಿ ಮಾಡು, ಊಟದ ಮೇಲಿನ ಅಡಿಕೆಯನ್ನೂ. ಮಲಗುವ ಮುಂಚೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆಗೆ ಹಿಡಿದರೆ ಹಿತವಾಗಿರುತ್ತದೆ.

ಇನ್ನೊಂದು, ಗೊರಕೆ ಹೊಡೀತೀಯಾ, ನಿದ್ದೆಯಲ್ಲಿ ಉಸಿರು ಕಟ್ಟುತ್ತದಾ ಅಂತ ಹೆಂಡತಿಯನ್ನು ಕೇಳು. ಹೌದಾದರೆ ಡಾಕ್ಟರಿಗೆ ಅದನ್ನೇ ಮೊದಲು ಹೇಳು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹಲ್ಲು ಕಡಿಯುವುದು ಶುರುವಾಗಬಹುದು. ಅಂಥದ್ದು ತಗೊಳ್ತಿದ್ದರೆ ಅದನ್ನೂ ಹೇಳು. ನೀನಾಗಿ ನಿಲ್ಲಿಸಬೇಡ.

ನನ್ನದು ಪೂರ್ತಿ ನಿಂತಿದೆಯಾ ಅಂದರೆ, ಇಲ್ಲ. ಬೆಳಗಿನ ತಲೆನೋವು ಕಮ್ಮಿಯಾಗಿದೆ. 20ರ ಹತ್ತಿರ ಮತ್ತೆ ಬರುತ್ತದೆ.

ಗಾರ್ಡ್ ತೊಳೆಯಲು ತಣ್ಣೀರೇ ಸಾಕು. ನನ್ನ ಮೊದಲನೆಯದು ಬಿಸಿನೀರಿಗೆ ಬಿದ್ದು ಸೊಟ್ಟಗಾಯಿತು. ಮುಂದಿನ ತಿಂಗಳು ಬಾ, ಒಂದೇ ರೂಮಿನಲ್ಲಿ ಮಲಗೋಣ. ಚಪ್ಪಲಿ ಮಾತ್ರ ಬಾಗಿಲ ಹೊರಗೆ ಬಿಡು.

ನಿನ್ನ ಹಳೇ ರೂಮ್‌ಮೇಟ್